ಕೈ ಎತ್ತಿ ಕೂಗಿದರೆ ಖುಷಿ ಬರುತ್ತಾ?

ಚಿತ್ರದುರ್ಗದ ಟೀಚರ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ನಾಲ್ಕು ಪುಟ ಇದೆ. ಅಷ್ಟೂ ಹಾಕೋಕೆ ಜಾಗ ಇಲ್ಲ, ಹಾಗಾಗಿ ಉಳಿದ ಓದುಗರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಕಲ್ಯಾಣ ಮಂಟಪವೊಂದರಲ್ಲಿ ನಡೆದ ‘ಪಾಸಿಟಿವ್ ಸೈಕಾಲಜಿ’ ಶಿಬಿರಕ್ಕೆ 500 ರೂಪಾಯಿ ಕೊಟ್ಟು ಹೋದಿರಿ. ಅಲ್ಲಿ ‘ನಾನು ಖುಷಿಯಾಗಿದ್ದೇನೆ’ ಅಂತ ಎಲ್ಲರ ಕೈಲೂ ಕೂಗಿಸಿದರು. ಒಂದು ಕೆಟ್ಟ ಭಾವನೆಗೆ ಮೂರು ಒಳ್ಳೆಯ ಭಾವನೆ ಇದ್ದರೆ ಬದುಕು ಅರಳುತ್ತದೆ, ಇದು ಲೆಕ್ಕ ಹಾಕಿ ತೋರಿಸಿದ ವಿಜ್ಞಾನ ಅಂದರು. ಗಂಡನನ್ನು ಕಳೆದುಕೊಂಡು ಮೂರು ತಿಂಗಳಾಗಿದ್ದ ನಿಮ್ಮ ಗೆಳತಿಯೂ ಕೈ ಎತ್ತಿ ಕೂಗಬೇಕಾಯಿತು. ‘ಇದೇನಾ ಆ ಶಾಸ್ತ್ರ? ನನಗೀಗ 52, ಓದೋಕೆ ಲೇಟ್ ಆಯ್ತಾ?’ ಅಂತ ಕೇಳಿದ್ದೀರಿ.

ಮೊದಲು ಆ ಮೂರಕ್ಕೊಂದರ ಲೆಕ್ಕ. ಅದು 2005ರ ಒಂದು ಲೇಖನದ್ದು. ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಮಾರ್ಷಿಯಲ್ ಲೊಸಾಡಾ ಬರೆದದ್ದು. ಅಂಕಿ ಸರಿಯಾಗಿ 2.9013! ಮನುಷ್ಯನ ಮನಸ್ಸನ್ನು ನಾಲ್ಕು ದಶಾಂಶದವರೆಗೆ ಅಳೆದಿದ್ದರು. ನಮ್ಮ ಎಪಿಎಂಸಿ ತಕ್ಕಡಿಯಲ್ಲೂ ಅಷ್ಟು ನಿಖರ ತೂಕ ಸಿಗಲ್ಲ. ನಿಕ್ ಬ್ರೌನ್ ಅನ್ನುವವರಿಗೆ ಇದು ಅನುಮಾನ ತಂದಿತು. ಅವರು ಪ್ರೊಫೆಸರ್ ಅಲ್ಲ, ಐವತ್ತು ದಾಟಿದ ಮೇಲೆ ಲಂಡನ್ನಿನಲ್ಲಿ ಇದೇ ವಿಷಯದ ಎಂ.ಎ. ಮಟ್ಟದ ಕೋರ್ಸಿಗೆ ಸೇರಿದ್ದ ವಿದ್ಯಾರ್ಥಿ. ಇನ್ನಿಬ್ಬರ ಜೊತೆ ಸೇರಿ 2013ರಲ್ಲಿ ಆ ಗಣಿತಕ್ಕೆ ಬುಡವೇ ಇಲ್ಲ ಅಂತ ತೋರಿಸಿದರು. ಗಣಿತದ ಭಾಗವನ್ನು ವಾಪಸ್ ತಗೊಳ್ಳಬೇಕಾಯಿತು. ಲೇಟ್ ಆಯ್ತಾ ಅಂತ ಕೇಳಿದಿರಲ್ಲ, ಅದಕ್ಕೂ ಉತ್ತರ ಇದರಲ್ಲೇ ಇದೆ.

ಪಾಸಿಟಿವ್ ಸೈಕಾಲಜಿ ಅನ್ನೋ ಈ ಶಾಖೆಗೆ ಚಾಲನೆ ಸಿಕ್ಕಿದ್ದು 1998ರಲ್ಲಿ. ಮಾರ್ಟಿನ್ ಸೆಲಿಗ್ಮನ್ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿದ್ದರು. ಕಾಯಿಲೆ, ಖಿನ್ನತೆ ಬಗ್ಗೆ ಬೇಕಾದಷ್ಟು ಓದಿದ್ದೇವೆ, ಚೆನ್ನಾಗಿ ಬದುಕೋದು ಹೇಗೆ ಅಂತಲೂ ಪರೀಕ್ಷೆ ಮಾಡಿ ನೋಡೋಣ ಅಂದರು. ‘ಪರೀಕ್ಷೆ ಮಾಡಿ’ ಅನ್ನೋದೇ ಮುಖ್ಯ. ನಿಮ್ಮ ಶಿಬಿರದಲ್ಲಿ ಕೈಬಿಟ್ಟಿದ್ದು ಅದನ್ನೇ.

ನನಗೆ ಇಷ್ಟವಾದದ್ದು ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಅವರ ಕೆಲಸ. ಜನರ ಕೈಗೆ ಪೇಜರ್ ಕೊಟ್ಟು, ದಿನದ ಯಾವ್ಯಾವುದೋ ಹೊತ್ತಲ್ಲಿ ಬೀಪ್ ಮಾಡಿಸುತ್ತಿದ್ದರು. ಆಗ ಏನು ಮಾಡುತ್ತಿದ್ದೆ, ಮನಸ್ಸು ಹೇಗಿತ್ತು ಅಂತ ಅವರು ಬರೆಯಬೇಕು. ತಮ್ಮನ್ನೇ ಮರೆತು ತೊಡಗಿದ ಗಳಿಗೆಗಳು ಬಿಡುವಿಗಿಂತ ಕೆಲಸದಲ್ಲೇ ಜಾಸ್ತಿ ಸಿಕ್ಕವು. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹಾಕುವವರನ್ನು ಬೆಳಿಗ್ಗೆ ಎಂಟಕ್ಕೆ ನೋಡಿ. ಹೆಂಚಿನ ಮೇಲೆ ಹಿಟ್ಟು ಸುತ್ತುತ್ತದೆ, ಬೆಣ್ಣೆ ಬೀಳುತ್ತದೆ, ಕೆಳಗಿನ ಕಟ್ಟಿಗೆಯನ್ನು ಕಾಲಲ್ಲೇ ಒಳಗೆ ತಳ್ಳುತ್ತಾರೆ. ಎರಡು ಸಲ ಕರೆದರೂ ಅವರಿಗೆ ಕೇಳಲ್ಲ.

ಓದೋದು ಹೇಗೆ? ನಿಮ್ಮಿಂದಲೇ ಶುರು ಮಾಡಿ. ಮನಶ್ಶಾಸ್ತ್ರಜ್ಞ ಎಡ್ ಡೀನರ್ ಅವರ ತಂಡ 1985ರಲ್ಲಿ ಬದುಕಿನ ಸಮಾಧಾನ ಅಳೆಯಲು ಐದು ವಾಕ್ಯಗಳ ಪಟ್ಟಿ ಮಾಡಿತು. ಪ್ರತಿಯೊಂದಕ್ಕೂ 1ರಿಂದ 7 ಅಂಕ. ಅದನ್ನು ತುಂಬಿಸಿ ಎತ್ತಿಡಿ. ಆಮೇಲೆ ಒಂದು ವಾರ, ರಾತ್ರಿ ಮಲಗೋ ಮುಂಚೆ, ಅವತ್ತು ಚೆನ್ನಾಗಿ ನಡೆದ ಮೂರು ಸಂಗತಿ ಮತ್ತು ಅದು ಯಾಕೆ ನಡೆಯಿತು ಅಂತ ಬರೆಯಿರಿ. 2005ರಲ್ಲಿ ಸೆಲಿಗ್ಮನ್ ತಂಡ ಪರೀಕ್ಷಿಸಿದ ಅಭ್ಯಾಸ ಇದು. ನಾನೂ ಮಾಡಿದೆ. ಮೊದಲ ದಿನ ‘ಕರೆಂಟ್ ಹೋಗಲಿಲ್ಲ’ ಅಂತ ಬರೆದೆ. ಯಾಕೆ ಅನ್ನೋ ಕಡೆ ಪೆನ್ನು ನಿಂತಿತು. ಮೂರನೇ ದಿನ, ‘ತಲೆಬರಹದ ತಪ್ಪು ಪ್ರೆಸ್ಸಿಗೆ ಹೋಗೋ ಮುಂಚೆಯೇ ಸಿಕ್ಕಿತು. ಯಾಕೆ? ಪ್ರೂಫ್ ನೋಡುವವರಿಗೆ ಒಂದು ದಿನ ಮೊದಲೇ ಪುಟ ಕೊಟ್ಟಿದ್ದೆ.’ ಈಗ ಪ್ರತಿ ತಿಂಗಳೂ ಹಾಗೇ ಕೊಡುತ್ತೇನೆ. ವಾರ ಕಳೆದ ಮೇಲೆ ಡೀನರ್ ಪಟ್ಟಿ ಮತ್ತೆ ತುಂಬಿಸಿ, ಹೋಲಿಸಿ. ಅಂಕ ಏರದಿದ್ದರೆ ಅದನ್ನೂ ಹಾಗೇ ಬರೆದಿಡಿ.

ಇಂಗ್ಲಿಷ್ ತೊಡಕಿಲ್ಲ ಅಂದರೆ ಕೋರ್ಸೆರಾ ಅನ್ನೋ ಆನ್‌ಲೈನ್ ಕಲಿಕೆಯ ತಾಣದಲ್ಲಿ ಯೇಲ್ ವಿಶ್ವವಿದ್ಯಾಲಯದ ಲಾರಿ ಸಾಂಟೋಸ್ ಅವರ ಪಾಠಗಳಿವೆ. ಡಿಗ್ರಿಯೇ ಬೇಕು ಅಂದರೆ ಹತ್ತಿರದ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ; ಇಗ್ನೋದಲ್ಲಿ ದೂರಶಿಕ್ಷಣದ ಸೈಕಾಲಜಿ ಎಂ.ಎ. ಇತ್ತು, 2025ರಿಂದ ಅದಕ್ಕೆ ಹೊಸ ಪ್ರವೇಶ ನಿಂತಿದೆ. ಸಂಖ್ಯಾಶಾಸ್ತ್ರ ಮಾತ್ರ ಬಿಡಬೇಡಿ, ಬ್ರೌನ್ ಕಥೆ ನೋಡಿದಿರಲ್ಲ.

ಇನ್ನು ನಿಮ್ಮ ಗೆಳತಿ. ಮೂರು ಸಂಗತಿ ಬರೆಯಿರಿ ಅಂತ ಅವರಿಗೆ ಈಗ ಹೇಳಲೇಬೇಡಿ. ದುಃಖ ಪಡೋದು ತಪ್ಪಲ್ಲ. ಸುಮ್ನೆ ಜೊತೆಗೆ ಕೂತುಕೊಳ್ಳಿ, ಅವರಾಗಿ ಮಾತಾಡಿದರೆ ಕೇಳಿ. ನಿದ್ದೆ, ಊಟ ಪೂರ್ತಿ ಬಿಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿಸಿ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

— ಸಂಪಾದಕ