ರಾಜಕೀಯ ಬರೆದಾಗ ಆನ್‌ಲೈನ್‌ನಲ್ಲಿ ಬೈದರೆ ಹೇಗೆ ಉತ್ತರಿಸಬೇಕು?

ಸಂವಿಧಾನದ 371ಜೆ ಕಲಂ ಬಗ್ಗೆ, ಅಂದರೆ ಕಲ್ಯಾಣ ಕರ್ನಾಟಕದ ಮೀಸಲಾತಿ ಬಗ್ಗೆ ಬರೆದಿದ್ದಕ್ಕೆ ಬೈಗುಳ ಬರುತ್ತಿವೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಕಲಬುರಗಿಯವನು. ಇದೇ ವಿಷಯಕ್ಕೆ ನನಗೂ ಸಾಕಷ್ಟು ಬಂದಿವೆ, ತುಂಬಾ ನೋವೂ ಆಗಿದೆ.

ಆ ರಾತ್ರಿಯೇ ಉತ್ತರ ಬರೆಯಬೇಡಿ. ಸಿಟ್ಟಿನ ಒಂದು ಸಾಲನ್ನು ಸ್ಕ್ರೀನ್‌ಶಾಟ್ ತೆಗೆದು ಊರೆಲ್ಲ ತಿರುಗಿಸುತ್ತಾರೆ. ನೀವು ಬರೆದ ವಿಷಯ ಹಿಂದೆ ಬೀಳುತ್ತದೆ.

ಬೆಳಿಗ್ಗೆ ಮತ್ತೆ ಓದಿ. ಬೈಗುಳದ ಒಳಗೆ ಒಂದು ಪ್ರಶ್ನೆ ಇದೆಯಾ ನೋಡಿ. ಒಬ್ಬರು ನನಗೆ ಕೆಟ್ಟದಾಗಿ ಬೈದು, ಕೊನೆಗೆ ‘ನಿಮ್ಮವರಿಗೆ ಮೆರಿಟ್ ಬೇಡವಾ?’ ಅಂದಿದ್ದರು. ಬೈಗುಳ ಬಿಟ್ಟೆ, ಪ್ರಶ್ನೆ ಹಿಡಿದೆ. ಈ ಕಲಂ 98ನೇ ತಿದ್ದುಪಡಿಯಿಂದ ಬಂತು, ಇಲ್ಲಿನ ಸ್ಥಳೀಯ ವೃಂದದ ಗ್ರೂಪ್ ‘ಸಿ’ ಸರ್ಕಾರಿ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ, ಅದರೊಳಗೂ ಅಂಕದ ಪೈಪೋಟಿ ಇದ್ದೇ ಇದೆ ಎಂದು ಮೂರು ಸಾಲು ಬರೆದೆ. ಅವರು ಒಪ್ಪಲಿಲ್ಲ. ಆದರೆ ಏಕವಚನ ಬಿಟ್ಟು ‘ನೀವು’ ಅಂತ ಮಾತಾಡಿದರು. ಅಷ್ಟೂ ಜಾಸ್ತಿಯೇ, ಅಲ್ವಾ? ಸುಮ್ನೆ ಓದುತ್ತಾ ಕೂತವರೂ ಇರುತ್ತಾರೆ, ಅವರಿಗಾಗಿ ಬರೆಯಿರಿ.

ಮನೆಯವರನ್ನು ಎಳೆದು ತಂದರೆ ಬ್ಲಾಕ್ ಮಾಡಿ.

ಜೀವ ಬೆದರಿಕೆ ಬಂದರೆ ಬೇರೆ ಮಾತು. ಅಳಿಸಬೇಡಿ. ಲಿಂಕ್, ದಿನ, ಸಮಯ ಸಮೇತ ಉಳಿಸಿಕೊಂಡು ಠಾಣೆಗೆ ಹೋಗಿ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಅದಕ್ಕೇ ಇದೆ. ದೂರಿನಲ್ಲಿ ಐಟಿ ಕಾಯ್ದೆಯ ಹಳೆಯ 66ಎ ಕಲಂ ಬರೆಯಬೇಡಿ, ಸುಪ್ರೀಂ ಕೋರ್ಟ್ 2015ರಲ್ಲೇ ಅದನ್ನು ರದ್ದು ಮಾಡಿದೆ.