ಹುಲ್ಲು ಕಿತ್ತ ಮೇಲೆ ಗ್ರೇಟ್ ಪ್ಲೇನ್ಸ್‌ಗೆ ಏನಾಯ್ತು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ಅಮೆರಿಕದ ನಡುವೆ ಇರೋ ದೊಡ್ಡ ಹುಲ್ಲಿನ ಬಯಲು ಗ್ರೇಟ್ ಪ್ಲೇನ್ಸ್‌ನಲ್ಲಿ 1930ರ ದಶಕದಲ್ಲಿ ಎದ್ದ ಧೂಳಿನ ಬಿರುಗಾಳಿ ಫೋಟೋಗಳನ್ನ ನೋಡ್ದೆ, ಕಪ್ಪು ಗೋಡೆ ಥರ ಧೂಳು ಊರ ಮೇಲೆ ಬರ್ತಿರೋದು. ಕೆಲವರು ಇದಕ್ಕೆಲ್ಲ ಬರಗಾಲ ಕಾರಣ ಅಂತಾರೆ, ಇನ್ನು ಕೆಲವರು ಅಲ್ಲಿಗೆ ಹೋಗಿ ನೆಲೆಸಿದ ರೈತರೇ ಕಾರಣ ಅಂತಾರೆ. ಯಾವುದು ನಿಜ? ಅವರು ಬರೋಕೆ ಮುಂಚೆ ಆ ಜಾಗ ಹೇಗಿತ್ತು?

ಉತ್ತರ: ಬರ ಬಂದಿದ್ದು ನಿಜಾನೇ, ಆದ್ರೆ ಆ ನೆಲಕ್ಕೆ ಬರ ಹೊಸದಲ್ಲ. ಆ ಬಯಲನ್ನ ಉತ್ತರ ದಕ್ಷಿಣವಾಗಿ ಸೀಳೋ ನೂರನೇ ರೇಖಾಂಶ ದಾಟಿ ಪಶ್ಚಿಮಕ್ಕೆ ಹೋದ್ರೆ ಬಹಳಷ್ಟು ಕಡೆ ವರ್ಷಕ್ಕೆ 500 ಮಿಲಿಮೀಟರ್ ಮಳೇನೂ ಬೀಳಲ್ಲ, ಅದೂ ನಾಲ್ಕು ವರ್ಷ ಚೆನ್ನಾಗಿ ಬಂದ್ರೆ ಆಮೇಲೆ ಒಂದಷ್ಟು ವರ್ಷ ಕೈಕೊಡುತ್ತೆ, ಸಾವಿರಾರು ವರ್ಷದಿಂದ ಅಲ್ಲಿನ ಕಥೆ ಹೀಗೇನೇ. ಆಗೆಲ್ಲ ಧೂಳು ಏಳ್ತಾನೇ ಇರ್ಲಿಲ್ಲ ಅಂತ ಹೇಳಲ್ಲ, ಆದ್ರೆ ಮಣ್ಣು ಬಹುಪಾಲು ಇದ್ದಲ್ಲೇ ಇರ್ತಿತ್ತು, ಯಾಕಂದ್ರೆ ಅದನ್ನ ಹುಲ್ಲು ಹಿಡ್ಕೊಂಡಿತ್ತು. ಒಣ ಪಶ್ಚಿಮ ಭಾಗದಲ್ಲಿ ಬೆಳೆಯೋ ಬಫಲೋ ಗ್ರಾಸ್ ನೆಲದ ಮೇಲೆ ಒಂದು ಗೇಣು ಬಂದ್ರೆ ಹೆಚ್ಚು, ಆದ್ರೆ ಬೇರು ಒಂದು ಮೀಟರ್‌ಗಿಂತ ಆಳಕ್ಕೆ ಇಳಿಯುತ್ತೆ. ಪೂರ್ವದ ಕಡೆ ಆಳೆತ್ತರ ಬೆಳೆಯೋ ಬಿಗ್ ಬ್ಲೂಸ್ಟೆಮ್ ಬೇರು ಎರಡು ಮೀಟರ್ ದಾಟುತ್ತೆ. ಮಳೆ ಇಲ್ದಾಗ ಮೇಲಿನ ಎಲೆ ಒಣಗಿ ಸತ್ತಂಗೆ ಕಾಣುತ್ತೆ, ಒಳಗೆ ಬೇರು ಜೀವ ಹಿಡ್ಕೊಂಡಿರುತ್ತೆ, ಒಂದು ಮಳೆ ಬಿದ್ರೆ ಮತ್ತೆ ಹಸಿರು.

ಇನ್ನೊಂದು ವಿಷಯ, ಅದು ಯಾರೂ ಮುಟ್ಟದ ಖಾಲಿ ನೆಲ ಆಗಿರ್ಲಿಲ್ಲ. ಲಕೋಟಾ, ಚೆಯೆನ್, ಪಾನೀ, ಕೊಮಾಂಚಿ ಹೀಗೆ ಎಷ್ಟೋ ಜನಾಂಗಗಳು ಅಲ್ಲಿ ಬದುಕ್ತಿದ್ರು, ಬೇಕಂತಲೇ ಹುಲ್ಲಿಗೆ ಬೆಂಕಿ ಕೊಡ್ತಿದ್ರು. ಬೆಂಕಿ ಬಿದ್ದ ಜಾಗದಲ್ಲಿ ಎಳೆ ಹುಲ್ಲು ಬರುತ್ತೆ, ಎಳೆ ಹುಲ್ಲಿಗೆ ಬೈಸನ್ ಅನ್ನೋ ಕಾಡೆಮ್ಮೆ ಥರದ ದೊಡ್ಡ ಪ್ರಾಣಿಗಳ ಹಿಂಡು ಬರುತ್ತೆ, ಮರದ ಸಸಿಗಳೂ ತಲೆ ಎತ್ತಲ್ಲ. ಬೈಸನ್‌ಗಳು ನೆಲದಲ್ಲಿ ಹೊರಳಾಡಿ ತಗ್ಗು ಮಾಡ್ತಿದ್ವು, ಮಳೆಗಾಲದಲ್ಲಿ ಆ ತಗ್ಗಲ್ಲಿ ನೀರು ನಿಂತು ಕಪ್ಪೆಗಳು, ಬೇರೆ ಥರದ ಗಿಡಗಳು ಎಲ್ಲ ಬರ್ತಿದ್ವು. ಅಂದ್ರೆ ಹುಲ್ಲು, ಬೆಂಕಿ, ಬೈಸನ್, ಜನ, ಇವು ನಾಲ್ಕೂ ಸೇರಿಯೇ ಆ ಬಯಲು.

ಇದರಲ್ಲಿ ಮೊದಲು ಹೋಗಿದ್ದು ಬೈಸನ್. 1800ರ ಸುಮಾರಿಗೆ ಮೂರು ಕೋಟಿ ಆಸುಪಾಸು ಇದ್ವು ಅಂತ ಅಂದಾಜು. ಖಂಡದ ಆಚೆ ಈಚೆ ಕೂಡಿಸೋ ರೈಲು 1869ರಲ್ಲಿ ಪೂರ್ತಿಯಾಯ್ತು, 1870ರ ದಶಕದ ಶುರುವಿನಲ್ಲಿ ಬೈಸನ್ ಚರ್ಮ ಹದ ಮಾಡೋ ವಿಧಾನ ಕೈಗೆ ಸಿಕ್ತು, ಫ್ಯಾಕ್ಟರಿ ಮಷೀನುಗಳ ಬೆಲ್ಟ್‌ಗೆ ಆ ದಪ್ಪ ಚರ್ಮಕ್ಕೆ ಭಾರಿ ಡಿಮ್ಯಾಂಡ್ ಬಂತು. ಬೇಟೆಗಾರರು ಚರ್ಮ ಸುಲಿದು ಮಾಂಸಾನ ಅಲ್ಲೇ ಕೊಳೆಯೋಕೆ ಬಿಟ್ರು. 1880ರ ದಶಕದ ಕೊನೆಗೆ ಉಳಿದಿದ್ದು ಸುಮಾರು ಒಂದು ಸಾವಿರ ಅಷ್ಟೇ. ಅದಾದ ಮೇಲೆ ಬಂದು ನೆಲೆಸಿದವರು ಬಯಲಲ್ಲಿ ಬಿದ್ದಿದ್ದ ಮೂಳೆಗಳನ್ನ ಗಾಡಿಗೆ ತುಂಬಿ ಸ್ಟೇಷನ್‌ಗೆ ಸಾಗಿಸಿ ಮಾರ್ತಿದ್ರು, ಗೊಬ್ಬರಕ್ಕೆ, ಸಕ್ಕರೆ ಶುದ್ಧ ಮಾಡೋ ಮೂಳೆ ಇದ್ದಿಲಿಗೆ ಹೋಗ್ತಿತ್ತು. ಬೈಸನ್ ನಂಬ್ಕೊಂಡು ಬದುಕಿದ್ದ ಜನಕ್ಕೆ ಊಟಾನೂ ಹೋಯ್ತು, ನೆಲಾನೂ ಹೋಯ್ತು, ಅವರನ್ನ ಮೀಸಲು ಪ್ರದೇಶಗಳಿಗೆ ತಳ್ಳಿದ್ರು. ಇದನ್ನ ಬರೀ ಪರಿಸರದ ನಷ್ಟ ಅಂತ ಬರೆದು ಮುಂದೆ ಹೋಗೋದು ಅನ್ಯಾಯ ಅಂತ ನನಗನ್ಸುತ್ತೆ.

ಈಗ ರೈತರ ವಿಷಯಕ್ಕೆ ಬರ್ತೀನಿ. 1862ರ ಹೋಮ್‌ಸ್ಟೆಡ್ ಆಕ್ಟ್ ಪ್ರಕಾರ ಒಂದು ಕುಟುಂಬಕ್ಕೆ 160 ಎಕರೆ, ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದ್ರೆ ಸಣ್ಣ ಶುಲ್ಕ ಕಟ್ಟಿ ನಿಮ್ಮ ಹೆಸರಿಗೆ ಮಾಡಿಸ್ಕೋಬಹುದು. ಮಳೆ ಚೆನ್ನಾಗಿ ಬೀಳೋ ಪೂರ್ವದಲ್ಲಿ 160 ಎಕರೆ ಅಂದ್ರೆ ಒಳ್ಳೆ ಜಮೀನು. ಒಣ ಬಯಲಲ್ಲಿ ದನ ಮೇಯಿಸಿ ಬದುಕೋಕೆ ಅದು ಏನೇನೂ ಸಾಲಲ್ಲ, ಹಂಗಾಗಿ ಇರೋ ಅಷ್ಟನ್ನೂ ಉತ್ತು ಬೆಳೆ ಹಾಕದೆ ಬೇರೆ ದಾರೀನೇ ಇಲ್ಲ. ಜಾನ್ ವೆಸ್ಲಿ ಪೊವೆಲ್ ಅಂತ ಒಬ್ಬ ಭೂವಿಜ್ಞಾನಿ 1878ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟಿದ್ದ, ಈ ಒಣ ಪ್ರದೇಶದಲ್ಲಿ ಮೇವಿನ ಫಾರಂ ಮಾಡೋರಿಗೆ 2,560 ಎಕರೆ ಕೊಡಿ, ನೀರು ಎಲ್ಲಿದೆ ನೋಡ್ಕೊಂಡು ಗಡಿ ಹಾಕಿ ಅಂತ. ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತು, ಆ ಮಾತು ಕೇಳ್ಲಿಲ್ಲ. ಅದೇ ಕಾಲದಲ್ಲಿ ಉಳುಮೆ ಮಾಡಿದ್ರೆ ಮಳೆ ತಾನಾಗೇ ಹಿಂದೆ ಬರುತ್ತೆ ಅನ್ನೋ ಮಾತನ್ನ ಓದಿದೋರೇ ಹೇಳ್ಕೊಂಡು ತಿರುಗ್ತಿದ್ರು, ಭೂಮಿ ಮಾರೋರಿಗೆ ಅದು ಚೆನ್ನಾಗಿ ಉಪಯೋಗಕ್ಕೆ ಬಂತು, 1880ರ ದಶಕದಲ್ಲಿ ಒಂದಷ್ಟು ವರ್ಷ ಮಳೇನೂ ಬಂದುಬಿಡ್ತು, ಜನ ನಂಬಿದ್ರು. 1890ರ ದಶಕದ ಬರದಲ್ಲಿ ಪಶ್ಚಿಮ ಕಾನ್ಸಾಸ್ ಕಡೆ ಎಷ್ಟೋ ಕುಟುಂಬ ಗಂಟು ಮೂಟೆ ಕಟ್ಕೊಂಡು ವಾಪಸ್ ಹೋದ್ವು. ಅಷ್ಟಾದ್ರೂ ಪಾಠ ಕಲೀಲಿಲ್ಲ, 1909ರಲ್ಲಿ ಕಾನೂನು ಬದಲಾಯಿಸಿ 320 ಎಕರೆ ಮಾಡಿದ್ರು, ಮತ್ತೆ ಉಳೋಕೆ ಜನ ಬಂದ್ರು. ನನ್ನ ಕೇಳಿದ್ರೆ ದೊಡ್ಡ ತಪ್ಪು ಇಲ್ಲೇ ಇರೋದು. ರೈತ ದಡ್ಡ ಅಲ್ಲ, ಅವನ ಕೈಗೆ ಕೊಟ್ಟ ಜಮೀನಿನ ಅಳತೆಯೇ ಆ ನೆಲಕ್ಕೆ ಹೊಂದ್ತಿರ್ಲಿಲ್ಲ.

ಆ ನೆಲ ಎಷ್ಟು ಗಟ್ಟಿ ಇತ್ತು ಅಂತ ತಿಳ್ಕೋಬೇಕಂದ್ರೆ ಅವರು ಕಟ್ಟಿದ ಮನೆಗಳನ್ನ ನೋಡಿ. ಮರ ಇಲ್ಲ, ಕಲ್ಲಿಲ್ಲ, ಹಾಗಾಗಿ ನೇಗಿಲಲ್ಲಿ ಹುಲ್ಲಿನ ಸಮೇತ ಮಣ್ಣನ್ನ ಉದ್ದಕ್ಕೆ ಪಟ್ಟಿ ಪಟ್ಟಿಯಾಗಿ ಎತ್ತೋರು, ಅದನ್ನ ಗುದ್ದಲಿಯಲ್ಲಿ ತುಂಡು ಮಾಡಿ ಹುಲ್ಲಿನ ಬದಿ ಕೆಳಗೆ ಬರೋ ಹಾಗೆ ಒಂದರ ಮೇಲೊಂದು ಜೋಡಿಸಿ ಗೋಡೆ ಎಬ್ಬಿಸೋರು. ಸುಣ್ಣ ಇಲ್ಲ, ಗಾರೆ ಇಲ್ಲ, ಬರೀ ಬೇರಿನ ಹೆಣಿಗೆಯಿಂದಲೇ ಆ ಇಟ್ಟಿಗೆ ಒಡೀದೆ ನಿಲ್ತಿತ್ತು, ಆ ಮನೆಗಳಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದ್ದಾರೆ. ಗೋಡೆ ಆಗಿ ನಿಲ್ಲೋವಷ್ಟು ಗಟ್ಟಿ ಇದ್ದ ಆ ಮಣ್ಣು ಬೇರು ಕತ್ತರಿಸಿ ಪುಡಿ ಮಾಡಿದ ಮೇಲೆ ಗಾಳಿಗೆ ಹಾರೋ ಹಿಟ್ಟಾಯ್ತು.

ಕೊನೆಗೆ ಪೂರ್ತಿ ಕೆಡಿಸಿದ್ದು ಗೋಧಿ ರೇಟು. ಮೊದಲನೇ ಮಹಾಯುದ್ಧದ ಟೈಮಲ್ಲಿ ಒಂದು ಬುಶೆಲ್‌ಗೆ, ಅಂದ್ರೆ ಸುಮಾರು 27 ಕೆಜಿ ಗೋಧಿಗೆ, 2 ಡಾಲರ್ ದಾಟಿತ್ತು, ಸರ್ಕಾರಾನೇ ಬೆಳೀರಿ ಬೆಳೀರಿ ಅಂತಿತ್ತು. 1920ರ ದಶಕದಲ್ಲಿ ಟ್ರ್ಯಾಕ್ಟರು, ಡಿಸ್ಕ್ ನೇಗಿಲು ಬಂದ್ವು, ಆ ಡಿಸ್ಕು ಕೆಲಸ ಬೇಗ ಮುಗಿಸುತ್ತೆ ಆದ್ರೆ ಮೇಲ್ಮಣ್ಣನ್ನ ನುಣ್ಣಗೆ ಪುಡಿ ಮಾಡಿಬಿಡುತ್ತೆ. ಬಿತ್ತೋಕೆ, ಕೊಯ್ಯೋಕೆ ಮಾತ್ರ ಬಂದು ಹೋಗೋ ಪಟ್ಟಣದವರೂ ಜಮೀನು ಹಿಡಿದ್ರು. ರೇಟು ಬಿತ್ತು, 1932ರ ಹೊತ್ತಿಗೆ ಬುಶೆಲ್‌ಗೆ 40 ಸೆಂಟ್ ಆಸುಪಾಸು, ಸಾಲ ತೀರಿಸೋಕೆ ಇನ್ನಷ್ಟು ನೆಲ ಉತ್ತರು, ಕೊನೆಗೆ ಆಗಲ್ಲ ಅಂತ ಎಷ್ಟೋ ಜನ ಉತ್ತ ನೆಲಾನ ಬೋಳಾಗೇ ಬಿಟ್ಟು ಹೋದ್ರು, ಅಷ್ಟೊತ್ತಿಗೆ 1931ರಿಂದ ಬರ ಶುರುವಾಗಿತ್ತು. 1935ರ ಏಪ್ರಿಲ್ 14, ಭಾನುವಾರ, ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು, ಮಧ್ಯಾಹ್ನದ ಮೇಲೆ ಉತ್ತರದಿಂದ ಧೂಳು ನುಗ್ಗಿ ಹಗಲಲ್ಲೇ ಕತ್ತಲಾಯ್ತು. ನೀವು ನೋಡಿರೋ ಫೋಟೋಗಳಲ್ಲಿ ಒಂದಷ್ಟು ಅವತ್ತಿಂದೇ ಇರ್ಬೇಕು. ಜನ ಕಿಟಕಿಗೆ ಒದ್ದೆ ಬಟ್ಟೆ ಕಟ್ತಿದ್ರು, ಧೂಳಿಂದ ಹುಟ್ಟೋ ಸ್ಟ್ಯಾಟಿಕ್ ಕರೆಂಟಿಗೆ ಕಾರುಗಳು ನಿಂತುಹೋಗ್ತಿದ್ವು ಅಂತ ಹಿಂದೆ ಸರಪಳಿ ಕಟ್ಟಿ ನೆಲಕ್ಕೆ ತಾಗೋ ಹಾಗೆ ಎಳ್ಕೊಂಡು ಓಡಿಸ್ತಿದ್ರು, ಧೂಳು ಹೊಕ್ಕು ನ್ಯುಮೋನಿಯಾ ಆಗಿ ಮಕ್ಕಳು ಸತ್ತರು.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ, ಬರ ಬಂದಿದ್ದು ಪ್ರಕೃತಿಯಿಂದ, ಮಣ್ಣು ಹಾರಿದ್ದು ಮನುಷ್ಯ ಹುಲ್ಲು ಕಿತ್ತಿದ್ದರಿಂದ.

ಪ್ರಶ್ನೆ: ಅಲ್ಲಿ ನೆಲೆಸಿದವರಿಂದ ಯಾವುದಾದ್ರೂ ಪ್ರಾಣಿ ಗಿಡ ಗೊತ್ತಿಲ್ದೇನೇ ಹೋಗಿದ್ದು ಅಥವಾ ಬಂದಿದ್ದು ಇದ್ಯಾ?

ಉತ್ತರ: ಎರಡೂ ಇದೆ. ರಾಕಿ ಮೌಂಟನ್ ಮಿಡತೆ ಅಂತ ಇತ್ತು, 1870ರ ದಶಕದಲ್ಲಿ ಸೂರ್ಯ ಕಾಣದ ಹಾಗೆ ಹಿಂಡು ಬಂದು ಪೈರು ತಿಂದು, ಒಣಗೋಕೆ ಹಾಕಿದ ಬಟ್ಟೆ, ಗುದ್ದಲಿ ಹಿಡಿಕೆ ಕೂಡ ಕಚ್ತಿತ್ತು. ಕೊನೇ ಸಲ ಜೀವಂತ ಸಿಕ್ಕಿದ್ದು 1902ರಲ್ಲಿ. ಯಾರೂ ಅದನ್ನ ಹುಡುಕಿ ಕೊಂದಿದ್ದಲ್ಲ. ಹಿಂಡು ಇಲ್ದಿರೋ ವರ್ಷಗಳಲ್ಲಿ ಅದು ರಾಕಿ ಬೆಟ್ಟಗಳ ನದಿ ಕಣಿವೆಗಳಲ್ಲಿ ಮೊಟ್ಟೆ ಇಡ್ತಿತ್ತು, ರೈತರು ಅದೇ ಕಣಿವೆಗಳನ್ನ ಉತ್ತು ನೀರು ಹಾಯಿಸಿದ್ರು, ಮೊಟ್ಟೆಗಳು ಅಲ್ಲೇ ನಾಶ ಆದ್ವು ಅನ್ನೋದು ವಿಜ್ಞಾನಿಗಳು ಬಹುಪಾಲು ಒಪ್ಪೋ ವಿವರಣೆ.

ಬಂದಿದ್ದು ಅಂದ್ರೆ ಟಂಬಲ್‌ವೀಡ್. ಸಿನಿಮಾದಲ್ಲಿ ಖಾಲಿ ರಸ್ತೇಲಿ ಉರುಳ್ಕೊಂಡು ಹೋಗೋ ಒಣ ಗಿಡ ಇದ್ಯಲ್ಲ, ಅಮೆರಿಕದ ಗುರುತೇ ಅಂತ ಎಲ್ಲರೂ ಅನ್ಕೊಂಡಿರೋದು, ಅದು 1870ರ ದಶಕದಲ್ಲಿ ರಷ್ಯಾ ಕಡೆಯಿಂದ ತಂದ ಅಗಸೆ ಬೀಜದ ಜೊತೆ ಬೆರೆತು ಸೌತ್ ಡಕೋಟಾಗೆ ಬಂದ ಕಳೆ. ಒಣಗಿದ ಮೇಲೆ ಬುಡದಲ್ಲಿ ಮುರಿದು ಗಾಳಿಗೆ ಉರುಳ್ತಾ ದಾರಿಯುದ್ದಕ್ಕೂ ಬೀಜ ಚೆಲ್ಲುತ್ತೆ. ಹುಲ್ಲು ದಟ್ಟವಾಗಿದ್ದ ನೆಲದಲ್ಲಿ ಅದಕ್ಕೆ ಜಾಗ ಸಿಗ್ತಿರ್ಲಿಲ್ಲ, ಉತ್ತ ನೆಲ ಸಿಕ್ಕಿದ್ದಕ್ಕೇ ಅಷ್ಟು ಬೇಗ ಹರಡಿದ್ದು. ಮೂವತ್ತರ ಬರದಲ್ಲಿ ಮೇವಿಲ್ದೆ ಅದನ್ನೇ ಕೊಯ್ದು ದನಗಳಿಗೆ ಹಾಕಿದವರೂ ಇದ್ರು.

ಪ್ರಶ್ನೆ: ಆಮೇಲೆ ಸರ್ಕಾರ ಕೋಟಿಗಟ್ಟಲೆ ಮರ ನೆಟ್ಟು ಎಲ್ಲ ಸರಿ ಮಾಡಿತು ಅಂತ ಓದಿದ್ದೆ, ಹೌದಾ?

ಉತ್ತರ: ಅರ್ಧ ಹೌದು. ಹ್ಯೂ ಹ್ಯಾಮಂಡ್ ಬೆನೆಟ್ ಅನ್ನೋ ಮಣ್ಣು ವಿಜ್ಞಾನಿ ಬೆನ್ನು ಹತ್ತಿದ್ದಕ್ಕೆ 1935ರ ಏಪ್ರಿಲ್ 27ಕ್ಕೆ ಮಣ್ಣು ಸಂರಕ್ಷಣೆ ಕಾನೂನು ಬಂತು, ಇಳಿಜಾರಿಗೆ ಅಡ್ಡಲಾಗಿ ಉಳೋದು, ಕೂಳೆ ಕೀಳದೆ ಬಿಡೋದು, ಪಟ್ಟಿ ಪಟ್ಟಿಯಾಗಿ ಬೇರೆ ಬೇರೆ ಬೆಳೆ ಹಾಕೋದು, ಇದನ್ನೆಲ್ಲ ರೈತರಿಗೆ ಕಲಿಸಿದ್ರು, ದುಡ್ಡೂ ಕೊಟ್ರು. ಹಾಳಾದ ಎಷ್ಟೋ ಜಮೀನನ್ನ ಸರ್ಕಾರ ಕೊಂಡು ಮತ್ತೆ ಹುಲ್ಲು ಬಿತ್ತಿತು, ಇವತ್ತು ಕಾನ್ಸಾಸ್‌ನ ಸಿಮರಾನ್, ಕೊಲರಾಡೋದ ಕೊಮಾಂಚಿ ರಾಷ್ಟ್ರೀಯ ಹುಲ್ಲುಗಾವಲುಗಳು ಅಂತ ಕರೆಯೋದು ಆ ಜಮೀನುಗಳನ್ನೇ. ನನಗೆ ಅತ್ಯಂತ ಒಳ್ಳೆ ಕೆಲಸ ಅನ್ಸೋದು ಇದು. ಗಾಳಿ ತಡೆಗೆ 1942ರ ಹೊತ್ತಿಗೆ ಸುಮಾರು 22 ಕೋಟಿ ಮರ ನೆಟ್ಟಿದ್ದೂ ನಿಜ, ಹೊಲಗಳಿಗೆ ಉಪಯೋಗಾನೂ ಆಯ್ತು.

ಸರಿ ಹೋಗದೇ ಇರೋದೂ ಇದೆ. ಎರಡನೇ ಮಹಾಯುದ್ಧದ ನಂತರ ಬೋರ್‌ವೆಲ್ ಪಂಪು, ಸುತ್ತ ತಿರುಗಿ ನೀರು ಚಿಮ್ಮೋ ಸೆಂಟರ್ ಪಿವಟ್ ಬಂದ ಮೇಲೆ ಆ ಬಯಲಿನ ಕೆಳಗಿರೋ ಒಗಲಾಲಾ ಅನ್ನೋ ಅಂತರ್ಜಲ ಎತ್ತಿ ಎತ್ತಿ ಮೆಕ್ಕೆಜೋಳ ಬೆಳೆದ್ರು, ಟೆಕ್ಸಸ್, ಕಾನ್ಸಾಸ್‌ನ ಕೆಲವು ಕಡೆ ನೀರಿನ ಮಟ್ಟ 30 ಮೀಟರ್‌ಗಿಂತ ಜಾಸ್ತಿ ಕೆಳಗೆ ಹೋಗಿದೆ, ಅಲ್ಲಿ ಮಳೆಯಿಂದ ಅದು ತುಂಬೋದು ತುಂಬಾ ತುಂಬಾ ನಿಧಾನ. ಆಳೆತ್ತರ ಹುಲ್ಲು ಬೆಳೀತಿದ್ದ ಪೂರ್ವದ ಬಯಲು ಮೂಲದಲ್ಲಿ ಇದ್ದಿದ್ದರಲ್ಲಿ ಶೇಕಡ 4ರಷ್ಟೂ ಉಳಿದಿಲ್ಲ, ದೊಡ್ಡದಾಗಿ ಉಳಿದಿರೋದು ಕಾನ್ಸಾಸ್‌ನ ಫ್ಲಿಂಟ್ ಹಿಲ್ಸ್ ಕಡೆ, ಅದೂ ಕೆಳಗೆ ಕಲ್ಲು ಸಿಕ್ಕಿ ನೇಗಿಲು ಇಳೀಲಿಲ್ಲ ಅನ್ನೋ ಕಾರಣಕ್ಕೆ.

ಮರದ ವಿಷಯದಲ್ಲೂ ಒಂದು ತೊಂದರೆ ಬಂದಿದೆ. ಗಾಳಿ ತಡೆಗೆ ನೆಟ್ಟ ಜಾತಿಗಳಲ್ಲಿ ರೆಡ್‌ಸೀಡರ್ ಒಂದು, ಅದರ ಹಣ್ಣು ಹಕ್ಕಿಗಳು ತಿಂದು ಬೀಜ ಎಲ್ಲ ಕಡೆ ಹಾಕ್ತಾವೆ, ಹಿಂದೆ ಆಗಿದ್ರೆ ಹುಲ್ಲಿನ ಬೆಂಕಿಯಲ್ಲಿ ಸಸಿ ಸುಟ್ಟು ಹೋಗ್ತಿತ್ತು, ಬೆಂಕಿ ಬೀಳದ ಹಾಗೆ ನೋಡ್ಕೊಂಡ ಮೇಲೆ ಅದನ್ನ ತಡೆಯೋರಿಲ್ಲ. ನೆಬ್ರಾಸ್ಕಾ, ಒಕ್ಲಹೋಮಾದಲ್ಲಿ ಮೇವಿನ ನೆಲಾನೇ ಅದು ನುಂಗ್ತಿದೆ. ಈಗ ಅಲ್ಲಿನ ಜಮೀನುದಾರರು ಅಕ್ಕಪಕ್ಕದವರನ್ನ ಸೇರಿಸ್ಕೊಂಡು ಸಂಘ ಮಾಡಿ, ಗಾಳಿ ದಿಕ್ಕು ನೋಡಿ, ನೀರಿನ ಟ್ಯಾಂಕ್ ಪಕ್ಕದಲ್ಲಿಟ್ಕೊಂಡು ತಾವೇ ಹುಲ್ಲಿಗೆ ಬೆಂಕಿ ಕೊಡ್ತಿದ್ದಾರೆ, ಫ್ಲಿಂಟ್ ಹಿಲ್ಸ್‌ನಲ್ಲಿ ದನ ಸಾಕೋರಂತೂ ಈ ಪದ್ಧತಿ ಬಿಟ್ಟೇ ಇರ್ಲಿಲ್ಲ.