ಆ ಮೂರು ದಿನ ಆಫೀಸಿನಲ್ಲಿ ಏನು ಕೆಲಸ ಅಂತ ಕೇಳಿ

ಅಕ್ಕ ಅಂತ ಕರೆದಿದ್ದೀರಿ, ಅದಕ್ಕೆ ಬಿಚ್ಚಿಯೇ ಹೇಳುತ್ತೇನೆ.

ನೀವು ಬರೆದದ್ದು ಇಷ್ಟು. ಇಂಗ್ಲೆಂಡಿನ ರೀಡಿಂಗ್ ಊರಿಗೆ ಬಂದು ಐದು ತಿಂಗಳಾಯಿತು. ಯಜಮಾನರದ್ದು ಸ್ಕಿಲ್ಡ್ ವರ್ಕರ್ ವೀಸಾ, ಅಂದರೆ ಕಂಪನಿಯೊಂದು ಸ್ಪಾನ್ಸರ್ ಮಾಡಿದ ಕೆಲಸದ ವೀಸಾ; ನಿಮ್ಮದು ಅವರ ಹೆಂಡತಿಯಾಗಿ ಸಿಕ್ಕ ಡಿಪೆಂಡೆಂಟ್ ವೀಸಾ. ಒಂದೂವರೆ ವರ್ಷದ ಮಗು ಇದೆ. ಲಂಡನ್ನಿನ ಕೆನರಿ ವಾರ್ಫ್‌ನ ಒಂದು ಬ್ಯಾಂಕಿನಲ್ಲಿ ಟೆಸ್ಟ್ ಆಟೊಮೇಷನ್‌ಗೆ, ಅಂದರೆ ಸಾಫ್ಟ್‌ವೇರನ್ನು ತಾನಾಗಿಯೇ ಪರೀಕ್ಷಿಸುವ ಪ್ರೋಗ್ರಾಂ ಬರೆಯುವ ಕೆಲಸಕ್ಕೆ, ಆರು ತಿಂಗಳ ಕಾಂಟ್ರ್ಯಾಕ್ಟ್ ಸಿಕ್ಕಿದೆ. ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಅಂತ ಕೆಲಸ ಕೊಡಿಸಿದ ಏಜೆಂಟ್ ಹೇಳಿದ್ದಾನೆ. ಅದನ್ನು ಕಮ್ಮಿ ಮಾಡಿಸಬಹುದಾ? ಡಿಸೆಂಬರಿನಲ್ಲಿ ತಂಗಿಯ ಮದುವೆಗೆ ಹೋದಾಗ ದಾವಣಗೆರೆಯಿಂದಲೇ ಆರು ವಾರ ಕೆಲಸ ಮಾಡಬಹುದಾ?

ವೀಸಾ ವಿಷಯ ಮೊದಲು ಮುಗಿಸಿಬಿಡೋಣ. ಡಿಪೆಂಡೆಂಟ್ ವೀಸಾದಲ್ಲಿ ನೀವು ಕಾಂಟ್ರ್ಯಾಕ್ಟ್ ಕೆಲಸ ಮಾಡಬಹುದು, ತೊಂದರೆ ಇಲ್ಲ. ನಿಮ್ಮನ್ನು ನೋಡಿ ಯಜಮಾನರೂ ಕೆಲಸ ಬಿಟ್ಟು ಸ್ವಂತ ಕಂಪನಿ ಮಾಡಿಕೊಂಡು ಕಾಂಟ್ರ್ಯಾಕ್ಟರ್ ಆಗಲು ಹೊರಟರೆ ಮಾತ್ರ ತಡೆಯಿರಿ. ಅವರ ವೀಸಾ ಸ್ಪಾನ್ಸರ್ ಮಾಡಿದ ಕಂಪನಿಗೆ ಕಟ್ಟಿಕೊಂಡಿದೆ.

ಈಗ ಆ ಮೂರು ದಿನದ ಮಾತು. ಇಲ್ಲಿ 2024ರ ಏಪ್ರಿಲ್‌ನಿಂದ ನೌಕರರು ಕೆಲಸಕ್ಕೆ ಸೇರಿದ ಮೊದಲ ದಿನವೇ ಫ್ಲೆಕ್ಸಿಬಲ್ ವರ್ಕಿಂಗ್ (ಕೆಲಸದ ಸಮಯ, ಜಾಗ ಬದಲಿಸಿಕೊಡಿ ಅಂತ) ಕೇಳಬಹುದು. ಕ್ಲೈಂಟ್ ಹತ್ತಿರ, ಅಂದರೆ ಕೆಲಸ ಮಾಡಿಸಿಕೊಳ್ಳುವ ಆ ಬ್ಯಾಂಕಿನ ಹತ್ತಿರ, ಕಾಂಟ್ರ್ಯಾಕ್ಟರ್‌ಗೆ ಆ ಹಕ್ಕಿಲ್ಲ. ನಮಗಿರುವುದು ಸಹಿ ಹಾಕುವ ಮುಂಚಿನ ನಾಲ್ಕೈದು ದಿನ ಮಾತ್ರ. ಅವರಿಗೆ ನೀವು ಬೇಕು ಅಂತ ಅವರೇ ಹೇಳಿಯಾಗಿದೆ, ನೀವಿನ್ನೂ ಕಟ್ಟುಬಿದ್ದಿಲ್ಲ. ಕೇಳುವುದನ್ನೆಲ್ಲ ಈಗಲೇ ಕೇಳಿ.

ಕೇಳುವಾಗ ಮಗುವಿನಿಂದ ಶುರು ಮಾಡಬೇಡಿ. ನರ್ಸರಿ ಆರು ಗಂಟೆಗೆ ಮುಚ್ಚುತ್ತದೆ ಅನ್ನುವುದು ನಿಜ, ದೊಡ್ಡ ಕಷ್ಟ. ಆದರೆ ಹಾಗೆ ಕೇಳಿದರೆ ನೀವು ದಯೆ ಕೇಳಿದ ಹಾಗಾಗುತ್ತದೆ, ಅವರು ದಯೆ ತೋರಿಸಲೂಬಹುದು, ಬಿಡಲೂಬಹುದು. ಅದರ ಬದಲು ಒಂದೇ ಪ್ರಶ್ನೆ ಕೇಳಿ: "ಆ ಮೂರು ದಿನ ಆಫೀಸಿನಲ್ಲಿ ಯಾವ ಕೆಲಸ ನಡೆಯುತ್ತದೆ? ನನ್ನ ಟೀಮಿನವರು ಯಾರ್‍ಯಾರು ಅಲ್ಲಿರುತ್ತಾರೆ?"

ಇದನ್ನು ನಾನು ಕಲಿತದ್ದು 2022ರಲ್ಲಿ. ತಿಂಗಳಿಗೆ ಎರಡು ಸಲ ಬಂದರೆ ಸಾಕು ಅಂತ ಮ್ಯಾನೇಜರ್ ಬಾಯಲ್ಲಿ ಹೇಳಿದರು. ಒಳ್ಳೆಯ ಮನುಷ್ಯ, ನಂಬಿದೆ. ನಾಲ್ಕನೇ ತಿಂಗಳಿಗೆ ಅವರು ಕೆಲಸ ಬಿಟ್ಟು ಹೋದರು. ಅವರ ಜಾಗಕ್ಕೆ ಬಂದವರು ನನ್ನ ಕಾಂಟ್ರ್ಯಾಕ್ಟ್ ತೆರೆದು ನೋಡಿದರು. ಕೆಲಸದ ಜಾಗ ಅನ್ನುವ ಕಡೆ ಕ್ಲೈಂಟ್‌ನ ಲಂಡನ್ ಆಫೀಸು ಅಂತ ಒಂದೇ ಸಾಲು. ಮುಂದಿನ ಸೋಮವಾರದಿಂದ ವಾರಕ್ಕೆ ನಾಲ್ಕು ದಿನ ಬನ್ನಿ ಅಂದರು. ಹೋದೆ. ಬುಕ್ ಮಾಡಿದ ಡೆಸ್ಕಿನಲ್ಲಿ ಕೂತೆ, ಎಡಕ್ಕೂ ಬಲಕ್ಕೂ ಖಾಲಿ ಕುರ್ಚಿ. ನನ್ನ ಟೀಮಿನ ಇಬ್ಬರು ಪುಣೆಯಲ್ಲಿ, ಮೂವರು ಪೋಲೆಂಡಿನಲ್ಲಿ. ರೀಡಿಂಗ್‌ನಿಂದ ರೈಲಿನಲ್ಲಿ ಹೋಗಿ, ಹೆಡ್‌ಸೆಟ್ ಹಾಕಿಕೊಂಡು, ಮನೆಯಿಂದ ಮಾಡುತ್ತಿದ್ದ ಅವೇ ಕಾಲ್‌ಗಳನ್ನು ಅಲ್ಲಿ ಕೂತು ಮಾಡಿದೆ. ನನ್ನ ಕೈಯಲ್ಲಿ ಬರವಣಿಗೆ ಇರಲಿಲ್ಲ, ವಾದ ಮಾಡಲು ಏನೂ ಉಳಿದಿರಲಿಲ್ಲ.

ಆದ್ದರಿಂದ ಉತ್ತರ ಬಂದ ಮೇಲೆ ನೀವೇ ಒಂದು ಯೋಜನೆ ಮುಂದಿಡಿ. ಮೊದಲ ಎರಡು ವಾರ ಅವರು ಹೇಳಿದ ಅಷ್ಟೂ ದಿನ ಹೋಗಿ. ಜನರ ಮುಖ ಪರಿಚಯ ಆಗಬೇಕು, ಅವರ ಸಿಸ್ಟಮ್‌ಗಳಿಗೆ ಆಕ್ಸೆಸ್ ಎಲ್ಲ ಸರಿ ಆಗಬೇಕು, ಇದನ್ನು ಉಳಿಸಲು ಹೋಗಬೇಡಿ. ಆಮೇಲೆ ವಾರಕ್ಕೆ ಒಂದು ದಿನ, ಪ್ಲಾನಿಂಗ್ ಇರುವ ದಿನ. ಹೊಸ ಸಾಫ್ಟ್‌ವೇರ್ ಬಿಡುವ ರಿಲೀಸ್ ವಾರದಲ್ಲಿ ಬೇಕಾದರೆ ಇನ್ನೊಂದು ದಿನ. ಮ್ಯಾನೇಜರ್‌ಗೆ ಬೇಕಾಗಿರುವುದು ಕೆಲಸ ನಿಲ್ಲುವುದಿಲ್ಲ ಅನ್ನುವ ಧೈರ್ಯ. ನೀವು ಯಾವ ದಿನ ಸಿಗುತ್ತೀರಿ, ಯಾವ ಹೊತ್ತಿಗೆ ಫೋನ್ ಎತ್ತುತ್ತೀರಿ ಅಂತ ಖಚಿತವಾಗಿ ಹೇಳಿದರೆ ಅರ್ಧ ಕೆಲಸ ಆದ ಹಾಗೆ.

ಒಪ್ಪಿದರೆ ಅದು ಕಾಂಟ್ರ್ಯಾಕ್ಟಿನ ಶೆಡ್ಯೂಲ್‌ಗೆ, ಅಂದರೆ ನಿಮ್ಮ ಕೆಲಸದ ವಿವರ ಬರೆದಿರುವ ಭಾಗಕ್ಕೆ, ಬರಬೇಕು. ಕೆಲಸದ ಜಾಗ: ಕಾಂಟ್ರ್ಯಾಕ್ಟರ್‌ನ ಮನೆ; ಕ್ಲೈಂಟ್ ಆಫೀಸಿಗೆ ವಾರಕ್ಕೆ ಒಂದು ದಿನ; ಬದಲಾವಣೆ ಬೇಕಾದರೆ ಇಬ್ಬರೂ ಬರವಣಿಗೆಯಲ್ಲಿ ಒಪ್ಪಬೇಕು. ಇಷ್ಟು ಸಾಕು. "ಕ್ಲೈಂಟ್ ಹೇಳಿದ ಬೇರೆ ಜಾಗಗಳಲ್ಲಿ" ಅಂತ ಒಂದು ತುಣುಕು ಇದ್ದೇ ಇರುತ್ತದೆ, ಅದನ್ನು ತೆಗೆಸಿ. "ಅದು ಸುಮ್ನೆ ಸ್ಟ್ಯಾಂಡರ್ಡ್ ಟೆಂಪ್ಲೇಟ್, ತಲೆ ಕೆಡಿಸಿಕೊಳ್ಳಬೇಡಿ" ಅಂತ ಏಜೆಂಟ್ ಹೇಳುತ್ತಾನೆ. ತಲೆ ಕೆಡಿಸಿಕೊಳ್ಳಿ.

ದುಡ್ಡಿನ ಲೆಕ್ಕವೂ ಇದರಲ್ಲೇ ಇದೆ. ನಿಮ್ಮ ಕೆಲಸ ಇನ್‌ಸೈಡ್ ಐಆರ್35 ಅಂತ ಬರೆದಿದ್ದೀರಿ. ಅಂದರೆ ಇಲ್ಲಿನ ತೆರಿಗೆ ನಿಯಮದ ಪ್ರಕಾರ ನಿಮ್ಮನ್ನು ನೌಕರರ ಹಾಗೆಯೇ ಲೆಕ್ಕ ಹಿಡಿಯುತ್ತಾರೆ, ಸಾಮಾನ್ಯವಾಗಿ ಅಂಬ್ರೆಲಾ ಕಂಪನಿ, ಅಂದರೆ ಕಾಗದದ ಮೇಲೆ ನಿಮ್ಮನ್ನು ನೌಕರರಾಗಿ ಇಟ್ಟುಕೊಳ್ಳುವ ಮಧ್ಯದ ಕಂಪನಿ, ಮೂಲಕ ಸಂಬಳ. ಏಜೆಂಟ್ ಹೇಳಿದ ಡೇ ರೇಟ್ (ದಿನಕ್ಕಿಷ್ಟು ಅನ್ನುವ ದರ) ನಿಮ್ಮ ಸಂಬಳ ಅಲ್ಲ. ಅದರೊಳಗಿಂದಲೇ ಎಂಪ್ಲಾಯರ್ ನ್ಯಾಷನಲ್ ಇನ್ಶೂರೆನ್ಸ್, ಅಂದರೆ ಕೆಲಸ ಕೊಟ್ಟವರು ಸರ್ಕಾರಕ್ಕೆ ಕಟ್ಟುವ ವಂತಿಗೆ, ಹೋಗುತ್ತದೆ. 2025ರ ಏಪ್ರಿಲ್‌ನಿಂದ ಅದೇ ಶೇ 15. ಅಂಬ್ರೆಲಾದವರ ಮಾರ್ಜಿನ್, ಅಂದರೆ ಅವರ ಫೀಸು, ಹೋಗುತ್ತದೆ. ಉಳಿದದ್ದರ ಮೇಲೆ ನಿಮ್ಮ ಟ್ಯಾಕ್ಸ್. ಆಮೇಲೆ ಕೈಗೆ ಬಂದ ದುಡ್ಡಿನಿಂದ ರೈಲು. ಔಟ್‌ಸೈಡ್, ಅಂದರೆ ಐಆರ್35 ನಿಯಮ ತಗಲದ, ಕೆಲಸದಲ್ಲಿ ಸ್ವಂತ ಕಂಪನಿ ಇದ್ದವರು ಸಾಮಾನ್ಯವಾಗಿ ರೈಲಿನ ಖರ್ಚನ್ನು ಕಂಪನಿ ಖರ್ಚಿಗೆ ಹಾಕಬಹುದು, ನಿಮಗೆ ಆ ದಾರಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ಎಲಿಜಬೆತ್ ಲೈನ್ ರೈಲು ರೀಡಿಂಗ್‌ನಿಂದ ನೇರ ಕೆನರಿ ವಾರ್ಫ್‌ಗೆ ಹೋಗುತ್ತದೆ ನಿಜ, ಆದರೆ ಒಂದು ಗಂಟೆಯ ಮೇಲೆಯೇ ಹಿಡಿಯುತ್ತದೆ. ಆಫೀಸಿಗೆ ಹೋಗುವ ಒಂದೊಂದು ದಿನಕ್ಕೂ ಟಿಕೆಟ್ ಎಷ್ಟು, ನರ್ಸರಿಗೆ ಜಾಸ್ತಿ ಎಷ್ಟು ಅಂತ ಹಾಳೆಯಲ್ಲಿ ಬರೆಯಿರಿ. ಮೂರು ದಿನ ಬಗ್ಗುವುದೇ ಇಲ್ಲ ಅಂದರೆ ಆ ಹಾಳೆ ನೋಡಿಕೊಂಡು ರೇಟ್ ಏರಿಸಲು ಕೇಳಿ.

ಮನೆಯಿಂದ ಮಾಡುತ್ತೇನೆ ಅಂತ ರೇಟ್ ಮಾತ್ರ ಇಳಿಸಬೇಡಿ. ಒಂದು ಸಲ ನಾನು ಇಳಿಸಿದೆ. ಕಾಂಟ್ರ್ಯಾಕ್ಟ್ ಮುಂದುವರಿಸುವಾಗ ಮಾತು ಆ ಇಳಿದ ರೇಟಿನಿಂದಲೇ ಶುರುವಾಯಿತು. ಹಳೆಯ ರೇಟಿಗೆ ಬರಲು ಒಂದು ವರ್ಷ ಬೇಕಾಯಿತು.

ದಾವಣಗೆರೆಯ ವಿಷಯ ಬೇರೆ. ಇದರಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಮನೆಯಿಂದ ಕೆಲಸಕ್ಕೆ ಒಪ್ಪಿದರು ಅಂದರೆ ಇಂಗ್ಲೆಂಡಿನ ಮನೆ ಅಂತ ಅರ್ಥ. ಬ್ಯಾಂಕಿನ ಡೇಟಾ ಭಾರತದಲ್ಲಿ ತೆರೆದರೆ ಅದು ಡೇಟಾ ಬೇರೆ ದೇಶಕ್ಕೆ ಹೋದ ಲೆಕ್ಕ ಆಗಬಹುದು. ಸೆಕ್ಯುರಿಟಿಯವರು, ಕಾನೂನಿನವರು, ಅಂಬ್ರೆಲಾದವರು ಎಲ್ಲರೂ ಒಪ್ಪಬೇಕು. ನನಗೆ ಗೊತ್ತಿರುವ ಹುಡುಗರೊಬ್ಬರು, ಒಳ್ಳೆಯ ಕೆಲಸಗಾರರು, ತಂದೆಗೆ ಹುಷಾರಿಲ್ಲ ಅಂತ ಊರಿಗೆ ಓಡಿದರು. ಯಾರಿಗೂ ಹೇಳದೆ ಅಲ್ಲಿಂದ ಲಾಗಿನ್ ಆದರು. ಅರ್ಧ ಗಂಟೆಯಲ್ಲಿ ಅಕೌಂಟ್ ಲಾಕ್, ಸಂಜೆಗೆ ಏಜೆಂಟ್ ಫೋನು, ವಾರದೊಳಗೆ ಕಾಂಟ್ರ್ಯಾಕ್ಟ್ ಮುಗಿಯಿತು. ಹೇಳಿದ್ದರೆ ಎರಡು ವಾರ ರಜೆ ಸಿಗುತ್ತಿತ್ತೋ ಏನೋ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರಲ್ಲ, ಹಾಗಾಯಿತು. ಆ ಏಜೆನ್ಸಿ ಅವರನ್ನು ಮತ್ತೆ ಕರೆಯಲಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಆರು ವಾರ ಕೇಳುವುದಿಲ್ಲ. ಮದುವೆಗೆ ಮೂರು ವಾರ ಬರುವುದಿಲ್ಲ ಅಂತ ಈಗಲೇ, ಸಹಿಗೆ ಮುಂಚೆ, ತಾರೀಖಿನ ಸಮೇತ ಹೇಳುತ್ತೇನೆ. ಆ ದಿನಗಳಿಗೆ ಡೇ ರೇಟ್ ಸಿಗುವುದಿಲ್ಲ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಿ. ಕ್ರಿಸ್‌ಮಸ್ ಹೊತ್ತಿಗೆ ಬ್ಯಾಂಕುಗಳಲ್ಲಿ ಹೊಸ ಬದಲಾವಣೆಗಳನ್ನು ತಡೆಹಿಡಿಯುವುದು ರೂಢಿ, ಟೆಸ್ಟಿಂಗ್ ಕೆಲಸವೂ ಕಮ್ಮಿ, ಹಾಗಾಗಿ ಅವರಿಗೂ ಅಷ್ಟು ಭಾರ ಆಗುವುದಿಲ್ಲ. ಜಾಸ್ತಿ ದಿನ ಅಮ್ಮನ ಜೊತೆ ಇರಬೇಕು ಅಂದರೆ ಈ ಕಾಂಟ್ರ್ಯಾಕ್ಟ್ ಮುಗಿದ ಮೇಲೆ, ಇನ್ನೊಂದು ಹಿಡಿಯುವ ಮುಂಚೆ ಹೋಗಿ ಬನ್ನಿ. ಲ್ಯಾಪ್‌ಟಾಪ್ ಇಲ್ಲದೆ. ಚಳಿಗಾಲದಲ್ಲಿ ಐದೂವರೆ ಗಂಟೆ ವ್ಯತ್ಯಾಸ. ಇಲ್ಲಿನ ಬೆಳಗಿನ ಒಂಬತ್ತು ಅಲ್ಲಿ ಮಧ್ಯಾಹ್ನ ಎರಡೂವರೆ, ಇಲ್ಲಿ ಐದಕ್ಕೆ ಮುಗಿದರೆ ಅಲ್ಲಿ ರಾತ್ರಿ ಹತ್ತೂವರೆ. ಮದುವೆ ಮನೆಯಲ್ಲಿ ಆ ಹೊತ್ತಿನಲ್ಲಿ ಕೋಣೆ ಬಾಗಿಲು ಹಾಕಿಕೊಂಡು ಕೂರುವುದು ಯಾರಿಗೆ ಬೇಕು, ಅಲ್ವಾ?

ಏಜೆಂಟ್ ಕಳಿಸಿದ ಕಾಂಟ್ರ್ಯಾಕ್ಟಿನಲ್ಲಿ ಕೆಲಸದ ಜಾಗ ಮತ್ತು ನೋಟಿಸ್ ಪೀರಿಯಡ್ ಇರುವ ಎರಡು ಪುಟ ನನಗೆ ಕಳಿಸಿ. ಹೆಸರು, ರೇಟ್ ಅಳಿಸಿಯೇ ಕಳಿಸಿ, ಪರವಾಗಿಲ್ಲ. ಅಲ್ಲಿಯವರೆಗೆ ಸಹಿ ಹಾಕಬೇಡಿ.